ವಾಪಸು ಕೊಡಬೇಕಾದ ದಿನ

ಕಾಲೇಜಿನ ಹುಡುಗರು ಅವಳಿಗೆ ಸಿಡುಕಕ್ಕ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರು ಒಮ್ಮೊಮ್ಮೆ ಬಾಯಿತಪ್ಪಿ ಎದುರಿಗೇ ಬಂದಾಗ ನಾಲಿಗೆ ಕಚ್ಚಿಕೊಂಡು ನಿಲ್ಲುತ್ತಿದ್ದರು. ಅವಳಿಗೇನೂ ಬೇಜಾರಿರಲಿಲ್ಲ. ಗ್ರಂಥಾಲಯದ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತೂ ಸಿಡುಕದವರು ಒಂದೋ ಸಂತರು, ಇಲ್ಲವೇ ಕಿವುಡರು ಎಂಬುದು ಅವಳ ಖಚಿತ ಅಭಿಪ್ರಾಯ.

ಸಿಟ್ಟಿಗೆ ಮುಖ್ಯ ಕಾರಣ ಕೌಂಟರಿನ ಪಕ್ಕದಲ್ಲಿದ್ದ ಹುಡುಕುವ ಕಂಪ್ಯೂಟರು. ಹುಡುಗರು ಬರುತ್ತಿದ್ದರು, ಒಂದು ಪದ ಕುಟ್ಟುತ್ತಿದ್ದರು, ಪರದೆ ತುಂಬ ಸಾಲು ಸಾಲು ಪುಸ್ತಕ ಬರುತ್ತಿತ್ತು. ಮೊದಲನೇ ಸಾಲು ನೋಡಿದ್ದೇ ತಡ, ಬಾಲ ಸುಟ್ಟವರಂತೆ ಕಪಾಟಿನ ಕಡೆ ಓಡುತ್ತಿದ್ದರು. ಹೋದಷ್ಟೇ ವೇಗವಾಗಿ ವಾಪಸು ಬಂದು ಅವಳ ತಲೆ ತಿನ್ನುತ್ತಿದ್ದರು.

"ಅಕ್ಕಾ, ಇದೆ ಅಂತ ತೋರಿಸ್ತಿದೆ. ಅಲ್ಲಿ ನೋಡಿದ್ರೆ ಇಲ್ಲ."

"ಇದೆ ಅಂತ ಎಲ್ಲಪ್ಪ ಬರೆದಿದೆ? ಕಣ್ಣು ಬಿಟ್ಟು ಓದು."

"ಲಭ್ಯವಿದೆ ಅಂತ."

"ಲಭ್ಯ ಅಂದ್ರೆ ಯಾರೂ ಮನೆಗೆ ಒಯ್ದಿಲ್ಲ ಅಂತ, ಅಷ್ಟೇ. ಕಪಾಟಲ್ಲಿ ಸಿಂಗಾರ ಮಾಡ್ಕೊಂಡು ನಿನಗೆ ಕಾಯ್ತಾ ಕೂತಿದೆ ಅಂತಲ್ಲ. ಯಾವನೋ ಓದೋ ಮೇಜಿನ ಮೇಲೆ ಅದನ್ನೇ ದಿಂಬು ಮಾಡ್ಕೊಂಡು ಮಲಗಿರ್ತಾನೆ. ಹೋಗು, ಎಬ್ಬಿಸು."

ಬೈದರೂ ಬಿಡಿಸಿ ಹೇಳಿಕೊಡುತ್ತಿದ್ದಳು. ಪುಸ್ತಕದ ಹೆಸರಿನ ಮೇಲೆ ಒತ್ತಿದರೆ ಕೆಳಗೆ ಅದರ ಪ್ರತಿಗಳು ಬರುತ್ತವೆ. ಒಂದೊಂದು ಪ್ರತಿಗೂ ತನ್ನದೇ ಒಂದು ನಂಬರು, ಯಾವ ಕೋಣೆ, ಯಾವ ಕಪಾಟು, ಈಗ ಎಲ್ಲಿದೆ ಎಂಬ ವಿವರ. 'ಹೊರಗಿದೆ' ಎಂದಿದ್ದರೆ ಮುಂದೆ ವಾಪಸು ಕೊಡಬೇಕಾದ ದಿನ. ಈ ಸಾಲುಗಳನ್ನು ಓದುವುದರಲ್ಲಿ ಇಡೀ ಕಾಲೇಜಿನಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಅವಳು ನಂಬಿದ್ದಳು. ಅನರ್ಥವಾದದ್ದು ಆ ನಂಬಿಕೆಯಿಂದಲೇ.

ಆ ಕಾಲೇಜಿನ ಲಿಫ್ಟುಗಳನ್ನು ರಿಪೇರಿ ಮಾಡಲು ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಆಳು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಒಂದು ಬೆಳಿಗ್ಗೆ ಆ ಹುಡುಗಿ ಎಂದಿನಂತೆ ಚೀಲ ಹೆಗಲಿಗೇರಿಸಿಕೊಂಡು ಮನೆಯಿಂದ ಹೊರಟವಳು ತರಗತಿಗೆ ಬರಲಿಲ್ಲ. ಮನೆಗೂ ಹೋಗಲಿಲ್ಲ. ಫೋನು ಸತ್ತಿತ್ತು. ಗೆಳತಿಯರಿಗೆ ಗೊತ್ತಿರಲಿಲ್ಲ, ಬಂಧುಗಳಿಗೆ ಗೊತ್ತಿರಲಿಲ್ಲ. ಪೊಲೀಸರು ಬಸ್ ನಿಲ್ದಾಣ, ಹಾಸ್ಟೆಲ್ಲು, ಆಸ್ಪತ್ರೆ ಎಂದು ತಿರುಗುತ್ತಿದ್ದರು. ಅವನು ಅವರಿಗಿಂತ ಹೆಚ್ಚು ತಿರುಗುತ್ತಿದ್ದ.

ತಿಂಗಳು ಕಳೆದ ಮೇಲೆ ಅವನು ಕೌಂಟರಿಗೆ ಬಂದ. ಗಡ್ಡ ಬೆಳೆದು, ಅಂಗಿ ಅಳ್ಳಕವಾಗಿ ಬೇರೆ ಯಾರೋ ಎಂಬಂತಾಗಿದ್ದ.

"ಅಮ್ಮಾ, ಮಗಳ ಹೆಸರಲ್ಲಿ ಇಲ್ಲಿ ಪುಸ್ತಕ ಏನಾದ್ರೂ ಇದೆಯಾ? ಅವಳು ಹೋಗ್ತಿದ್ದ ಜಾಗದಲ್ಲೆಲ್ಲ ಕೇಳಿ ನೋಡು ಅಂದ್ರು ಪೊಲೀಸ್ನೋರು."

ಸಿಡುಕಕ್ಕ ತೆಗೆದು ನೋಡಿದಳು. ಒಂದೇ ಒಂದು ಪುಸ್ತಕವಿತ್ತು. ಸಂಖ್ಯಾಶಾಸ್ತ್ರದ ಪಠ್ಯ, ದಪ್ಪನೆಯದು. ಹುಡುಗಿ ಕಾಣೆಯಾದ ವಾರದಲ್ಲೇ ಒಯ್ದಿದ್ದಳು. ಹದಿನೈದು ದಿನದ ಅವಧಿ ಯಾವಾಗಲೋ ಮುಗಿದಿರಬೇಕಿತ್ತು. ಆದರೆ ಪರದೆಯ ಮೇಲೆ ವಾಪಸು ಕೊಡಬೇಕಾದ ದಿನ ಇನ್ನೂ ಬಂದೇ ಇರಲಿಲ್ಲ, ಮುಂದಿನ ವಾರ ಎಂದಿತ್ತು.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಅಣ್ಣಾ! ಇಲ್ಲಿ ನೋಡಿ. ಅವಧಿ ಮುಂದಕ್ಕೆ ಹೋಗಿದೆ. ರಿನ್ಯೂ ಮಾಡಿಸಿದ್ದಾಳೆ. ಕಾಣೆಯಾದ ಮೇಲೆ!"

"ಅಂದ್ರೆ ಇಲ್ಲಿಗೆ ಬಂದಿದ್ಳಾ?"

"ಬರಬೇಕಾಗಿಲ್ಲ. ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಮಕ್ಕಳು ಫೋನಲ್ಲೇ ಮಾಡ್ಕೋತಾರೆ. ಯಾವ ಊರಲ್ಲಿ ಕೂತಿದ್ರೂ ಆಗುತ್ತೆ. ಯಾವ ಫೋನಿಂದ ಬೇಕಾದ್ರೂ ಆಗುತ್ತೆ."

ಅವನು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬದುಕಿದ್ದಾಳೆ ಅಂತೀರಾ?"

"ಸತ್ತವರು ಪುಸ್ತಕ ರಿನ್ಯೂ ಮಾಡಿಸ್ತಾರಾ ಅಣ್ಣಾ?"

ಅವಳು ಯಾರಿಗೂ ಸುಳ್ಳು ಹೇಳಿದವಳಲ್ಲ. ಹಳೆಯ ಕಾಲದಲ್ಲಿ ರಿನ್ಯೂ ಎಂದರೆ ಪುಸ್ತಕ ಹಿಡಿದು ಕೌಂಟರಿಗೆ ಬರಬೇಕಿತ್ತು. ಅವಳು ಪುಸ್ತಕವನ್ನು ಕಣ್ಣಾರೆ ಕಂಡು ಮುದ್ರೆ ಒತ್ತುತ್ತಿದ್ದಳು. ತಾರೀಕು ಮುಂದೆ ಹೋಯಿತೆಂದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂದೇ ಅರ್ಥ. ಅದೇ ಲೆಕ್ಕದಲ್ಲಿ ಅವಳು ಪರದೆ ಓದಿದಳು.

ಮೆಕ್ಯಾನಿಕ್ ಅಲ್ಲಿಂದ ನೇರ ಠಾಣೆಗೆ ಹೋದ. ಅಲ್ಲಿಯ ಅಧಿಕಾರಿ ಕೌಂಟರಿಗೆ ಫೋನು ಮಾಡಿ ವಿಚಾರಿಸಿದ. ಸಿಡುಕಕ್ಕ ಅವನಿಗೂ ಅದನ್ನೇ, ಇನ್ನೂ ಗಟ್ಟಿಯಾಗಿ ಹೇಳಿದಳು. "ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಸ್ವಾಮಿ, ನನಗೆ ಗೊತ್ತಾಗಲ್ವಾ?" ಪೊಲೀಸರಿಗೂ ಅದೇ ಬೇಕಿತ್ತು. ಪ್ರಾಯಕ್ಕೆ ಬಂದ ಹುಡುಗಿ, ತನ್ನಿಷ್ಟದಿಂದ ಹೋಗಿದ್ದಾಳೆ, ಓದೂ ಬಿಟ್ಟಿಲ್ಲ, ಸಿಟ್ಟಿಳಿದ ಮೇಲೆ ಬರುತ್ತಾಳೆ ಎಂದು ಹುಡುಕುವುದನ್ನು ಕೈಬಿಟ್ಟರು. ಅವನೂ ತಿರುಗುವುದನ್ನು ನಿಲ್ಲಿಸಿದ.

ಆಮೇಲೆ ಆ ಪ್ರತಿಯ ನಂಬರನ್ನು ಅವನು ಮೋಟಾರಿನ ಸೀರಿಯಲ್ ನಂಬರಿನಂತೆ ಬಾಯಿಪಾಠ ಮಾಡಿಕೊಂಡ. ಕ್ಯಾಟಲಾಗು ಎಲ್ಲರಿಗೂ ಕಾಣುವಂಥದ್ದು. ಯಾರು ಒಯ್ದಿದ್ದಾರೆ ಎಂದು ಅದು ಹೇಳುವುದಿಲ್ಲ, ಆದರೆ ನಂಬರು ಗೊತ್ತಿದ್ದವನಿಗೆ ಅಷ್ಟು ಸಾಕು. ಅವಧಿ ಮುಗಿಯುವ ದಿನ ಬಂತೆಂದರೆ ಕೆಲಸದ ಚೀಲ ಸಮೇತ ಬಂದು ಹುಡುಕುವ ಕಂಪ್ಯೂಟರಿನ ಮುಂದೆ ನಿಲ್ಲುತ್ತಿದ್ದ. ಗ್ರೀಸು ಹತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತುತ್ತಿದ್ದ. ತಾರೀಕು ಮುಂದೆ ಹೋಗಿರುತ್ತಿತ್ತು. ಸರಿಯಾದ ಸಮಯಕ್ಕೆ, ಒಂದು ದಿನವೂ ತಪ್ಪದೆ.

"ಮಾಡಿದ್ದಾಳೆ ಅಮ್ಮಾ."

"ಮಾಡದೆ ಏನು? ನಿಮ್ಮ ಮಗಳು ಈ ಕಾಲೇಜಿನ ಕೋತಿಗಳ ಹಾಗಲ್ಲ. ಇವರಿಗೆ ಮೂರು ಸಲ ಹೇಳಿದ್ರೂ ಪುಸ್ತಕ ವಾಪಸು ಬರಲ್ಲ."

ಅವನು ಗಡ್ಡ ಬೋಳಿಸಿದ. ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದ. ಯಾವನೋ ಜೊತೆ ಓಡಿಹೋಗಿದ್ದಾಳಂತೆ ಎಂದು ಬೀದಿಯವರು ಆಡಿಕೊಂಡಿದ್ದು ಕಿವಿಗೆ ಬಿದ್ದರೂ ನಗುತ್ತಿದ್ದ. "ಹೋಗಿರ್ಲಿ ಬಿಡಿ. ಓದ್ತಾ ಇದ್ದಾಳಲ್ಲ!"

ಹೀಗೇ ಕೆಲವು ತಿಂಗಳು ಕಳೆದವು. ಊರಾಚೆಯ ಕಾಲುವೆಯ ತೂಬಿನ ಸರಳುಗಳಿಗೆ ಒಂದು ಹೆಣ ಸಿಕ್ಕಿಕೊಂಡಿತು. ಹರೆಯದ ಹೆಣ್ಣು. ಮುಖ ನೋಡಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಪೊಲೀಸರು ಮೆಕ್ಯಾನಿಕ್ಕನ್ನು ಕರೆಸಿ, ರಕ್ತ ಕೊಡು, ಹೊಂದಿಸಿ ನೋಡೋಣ, ಅಲ್ಲ ಅಂತಾದರೆ ನಿನಗೇ ನೆಮ್ಮದಿ ಎಂದರು. ಅವನು ಎದ್ದು ಬಂದುಬಿಟ್ಟ. ಬಂದದ್ದು ನೇರ ಕೌಂಟರಿಗೆ.

"ಬದುಕಿರೋ ಮಗಳ ಹೆಸರು ಹೇಳಿ ಯಾರದೋ ಹೆಣಕ್ಕೆ ರಕ್ತ ಕೊಡ್ಬೇಕಂತೆ! ಹೋದ ವಾರ ತಾನೇ ರಿನ್ಯೂ ಮಾಡಿದ್ದಾಳೆ, ಹೋಗ್ರಯ್ಯಾ ಅಂದೆ."

"ಸರಿಯಾಗಿ ಹೇಳಿದ್ರಿ. ಅಪಶಕುನ ನುಡಿಯೋಕೆ ಹುಟ್ಟಿದ ಜನ," ಎಂದಳು ಸಿಡುಕಕ್ಕ.

"ಶನಿವಾರದ ತನಕ ಇಟ್ಕೋತಾರಂತೆ. ಆಮೇಲೆ ಅನಾಥ ಹೆಣ ಅಂತ ಬೇರೆ ಹೆಣಗಳ ಜೊತೆ ಮಣ್ಣು ಮಾಡ್ತಾರಂತೆ. ಮಾಡ್ಕೊಳ್ಲಿ. ಪಾಪ, ಯಾರ ಮಗಳೋ."

ಗುರುವಾರ ಬೆಳಿಗ್ಗೆ ರಸಾಯನಶಾಸ್ತ್ರದ ಮೇಷ್ಟ್ರ ಹೆಂಡತಿ ಒಂದು ಕೈಚೀಲ ತುಂಬ ಪುಸ್ತಕ ತಂದರು. ಮೇಷ್ಟ್ರು ಎರಡು ತಿಂಗಳ ಹಿಂದೆ ಪಾಠ ಮಾಡುತ್ತಲೇ ಕುಸಿದು ತೀರಿಹೋಗಿದ್ದರು. ಕಾಲೇಜಿಗೆ ಒಂದು ದಿನ ರಜೆ ಕೊಟ್ಟಿದ್ದರು.

"ತಡವಾಯ್ತಮ್ಮ. ಅವರ ಮೇಜು ಮುಟ್ಟೋಕೆ ಮನಸ್ಸಾಗಿರ್ಲಿಲ್ಲ."

"ಅಯ್ಯೋ, ಅದಕ್ಕೇನಂತೆ ತಾಯಿ," ಎನ್ನುತ್ತ ಸಿಡುಕಕ್ಕ ಮೊದಲ ಪುಸ್ತಕದ ಬಾರ್‌ಕೋಡ್ ಪಟ್ಟಿಯ ಮೇಲೆ ಕೆಂಪು ಬೆಳಕು ಹಾಯಿಸಿದಳು. ಪರದೆ ನೋಡಿದಳು. ಇನ್ನೊಂದನ್ನು ಹಾಯಿಸಿದಳು. ಮತ್ತೊಂದನ್ನು. ಯಾವುದರ ಅವಧಿಯೂ ಮುಗಿದಿರಲಿಲ್ಲ. ಎಲ್ಲದರ ತಾರೀಕೂ ಮುಂದಿನ ವಾರದ್ದು.

"ತಾಯಿ, ನೀವೇನಾದ್ರೂ ಮೇಷ್ಟ್ರ ಫೋನಲ್ಲಿ ಇವನ್ನ ಮುಂದಕ್ಕೆ ಹಾಕಿದ್ರಾ?"

"ಅವರ ಫೋನು ಅವತ್ತು ಆರಿಸಿ ಬೀರುವಿನಲ್ಲಿ ಇಟ್ಟಿದ್ದು. ಇನ್ನೂ ಅಲ್ಲೇ ಇದೆ. ಯಾಕಮ್ಮ?"

ಸಿಡುಕಕ್ಕ ಪುಸ್ತಕಗಳನ್ನು ಒಂದು ಬದಿಗೆ ಸರಿಸಿದಳು. ಆ ಹೆಂಗಸನ್ನು ಹೇಗೋ ಸಾಗಹಾಕಿದಳು. ಕಂಪ್ಯೂಟರು ಹಾಕಿಕೊಟ್ಟ ಕಂಪನಿಗೆ ಫೋನು ಹಚ್ಚಿದಳು. ಅತ್ತಕಡೆ ಒಂದು ಎಳೆಯ ದನಿ. ಹೊಸ ವ್ಯವಸ್ಥೆ ಬಂದಾಗ ತರಬೇತಿ ಕೊಡಲು ಬಂದಿದ್ದವನು. ಎಲ್ಲರೆದುರು ತನ್ನನ್ನು ಆಂಟಿ ಎಂದನೆಂದು ಅವಳು ಅವತ್ತು ಸಿಟ್ಟಾಗಿ ಅರ್ಧದಲ್ಲೇ ಎದ್ದು ಬಂದಿದ್ದಳು.

"ಅದು ತಾನಾಗೇ ರಿನ್ಯೂ ಆಗುತ್ತೆ ಮೇಡಂ. ಬೇರೆ ಯಾರೂ ಆ ಪ್ರತಿ ಬೇಕು ಅಂತ ಕೇಳಿಲ್ಲ ಅಂದ್ರೆ ಅವಧಿ ಮುಗಿಯೋ ದಿನ ಸಿಸ್ಟಮ್ಮೇ ಮುಂದಕ್ಕೆ ತಳ್ಳುತ್ತೆ. ತರಬೇತೀಲಿ ಹೇಳಿದ್ನಲ್ಲ? ಮಧ್ಯಾಹ್ನದ ಹೊತ್ತಲ್ಲಿ."

"ಎಷ್ಟು ಸಲ ತಳ್ಳುತ್ತೆ?"

"ಮಿತಿ ಹಾಕಿಲ್ಲ. ನಿಮ್ಮ ಸಾಹೇಬ್ರೇ ಬೇಡ ಅಂದ್ರು. ಯಾಕೆ, ಏನಾದ್ರೂ ತೊಂದ್ರೆ ಆಯ್ತಾ?"

ಒಳವಿವರ ನೋಡುವುದು ಹೇಗೆಂದು ಕೇಳಿಕೊಂಡು ಅವಳು ಫೋನು ಇಟ್ಟಳು. ಅವನು ಹೇಳಿಕೊಟ್ಟ ಹಾಗೆ ಸಂಖ್ಯಾಶಾಸ್ತ್ರದ ಆ ಪ್ರತಿಯ ಒಳವಿವರ ತೆರೆದಳು. ಮೇಲಿಂದ ಕೆಳಗೆ ಒಂದೇ ಪದ. ರಿನ್ಯೂ ಮಾಡಿದವರು: ಸಿಸ್ಟಮ್. ಸಿಸ್ಟಮ್. ಸಿಸ್ಟಮ್. ಹುಡುಗಿಯ ಹೆಸರು ಪುಸ್ತಕ ಒಯ್ದ ದಿನ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಸಾಹೇಬರ ಕೋಣೆಗೆ ಹೋಗಿ ಹೇಳಿದಳು. ಸಾಹೇಬರು ಎಂದರೆ ಮುಖ್ಯ ಗ್ರಂಥಪಾಲಕರು, ಸಭೆಗಳಲ್ಲೇ ಕೂದಲು ಉದುರಿಸಿಕೊಂಡವರು. ಕನ್ನಡಕ ತೆಗೆದು ಒರೆಸಿದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನೋಡಮ್ಮ, ನೀನೇನೂ ಬರೆದು ಕೊಟ್ಟಿಲ್ಲ ತಾನೇ? ಬಾಯಲ್ಲಿ ಆಡಿದ್ದು. ಈಗ ಹೋಗಿ ತಪ್ಪಾಯ್ತು ಅಂದ್ರೆ ಪೊಲೀಸು, ಪತ್ರಿಕೆ, ಎಲ್ಲ ನಮ್ಮ ಕುತ್ತಿಗೆಗೆ. ಆ ಹೆಣ ಅವಳದ್ದೇ ಅಂತ ಯಾರಿಗೆ ಗೊತ್ತು? ಸುಮ್ಮನಿರು."

"ಸುಮ್ಮನೆ ಹೇಗಿರಲಿ ಸಾರ್? ಶನಿವಾರ ಮಣ್ಣು ಮಾಡ್ತಾರೆ."

"ಅದಕ್ಕೇ ಹೇಳಿದ್ದು. ಇನ್ನೆರಡು ದಿನ."

ಅವಳು ಆ ಮನುಷ್ಯನ ಮುಖ ನೋಡಿದಳು. "ನಿಮಗೂ ಹೆಣ್ಣುಮಗು ಇದೆ ಸಾರ್," ಎಂದಳು. ಬಾಗಿಲು ಹಾಕಿದ ಸದ್ದಿಗೆ ಓದುವ ಕೋಣೆಯಲ್ಲಿ ಮಲಗಿದ್ದವರೆಲ್ಲ ಎದ್ದು ಕೂತರು.

ಮೆಕ್ಯಾನಿಕ್ ಅವತ್ತು ಪೇಟೆಯ ಒಂದು ಕಚೇರಿ ಕಟ್ಟಡದಲ್ಲಿದ್ದ. ಲಿಫ್ಟು ನಿಂತಿದ್ದರಿಂದ ಅವಳು ಮೆಟ್ಟಿಲು ಹತ್ತಿಯೇ ತಾರಸಿಗೆ ಹೋಗಬೇಕಾಯಿತು. ತಾರಸಿಯ ಮೇಲೊಂದು ಚಿಕ್ಕ ಮೋಟಾರು ಕೋಣೆ. ಒಳಗೆ ಬಿಸಿ ಎಣ್ಣೆಯ ವಾಸನೆ. ದೊಡ್ಡ ಗಾಲಿಯ ಮೇಲಿಂದ ಉಕ್ಕಿನ ಹಗ್ಗಗಳು ನೆಲದ ಸೀಳಿನೊಳಗೆ ಇಳಿದು ಕತ್ತಲಲ್ಲಿ ಮಾಯವಾಗಿದ್ದವು. ಅವನು ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬ್ರೇಕಿನ ಬೋಲ್ಟು ತಿರುಗಿಸುತ್ತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು.

"ಬಂದ್ಳಾ?"

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಆ ಒಂದು ಪದಕ್ಕೆ ಎಲ್ಲ ಚೆಲ್ಲಾಪಿಲ್ಲಿಯಾಯಿತು.

"ಇಲ್ಲ ಅಣ್ಣಾ. ನಾನು ನಿಮಗೆ ತಪ್ಪು ಹೇಳಿದ್ದೆ. ಆ ತಾರೀಕು ಅವಳು ಹಾಕಿದ್ದಲ್ಲ. ಕಂಪ್ಯೂಟರೇ ಹಾಕಿದ್ದು. ಯಾರೂ ಏನೂ ಮಾಡದಿದ್ರೂ ಅದು ಮುಂದೆ ಹೋಗ್ತಾನೇ ಇರುತ್ತಂತೆ."

ಅವನು ಬೋಲ್ಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಇಲ್ಲ. ನೀವೇ ಹೇಳಿದ್ರಲ್ಲ, ಫೋನಲ್ಲಿ ಮಾಡ್ತಾರೆ ಅಂತ."

"ಮಾಡಬಹುದು. ಅವಳು ಮಾಡಿಲ್ಲ. ಒಳಗೆ ತೆಗೆದು ನೋಡಿ ಬಂದೆ. ಒಂದು ಸಲವೂ ಮಾಡಿಲ್ಲ."

"ಯಾರು ಹೇಳಿಕೊಟ್ರು ನಿಮಗೆ? ಪೊಲೀಸ್ನೋರಾ?" ಅವನು ಎದ್ದು ನಿಂತ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. "ರಕ್ತ ಕೊಡ್ಲಿ ಅಂತ ನಾಟಕ ಆಡ್ತೀರಾ?"

"ಅಣ್ಣಾ, ರಸಾಯನಶಾಸ್ತ್ರದ ಮೇಷ್ಟ್ರು ಸತ್ತಿದ್ದು ಗೊತ್ತಲ್ಲ? ಅವರನ್ನ ಕೆಳಗಿಳಿಸಿದ್ದು ನೀವೇ ಅಲ್ವಾ, ಲಿಫ್ಟ್ ಹಿಡಿದು ನಿಲ್ಲಿಸಿ? ಅವರ ಪುಸ್ತಕಾನೂ ರಿನ್ಯೂ ಆಗಿದೆ. ಸತ್ತ ಮೇಲೆ. ಹೋದ ವಾರವೂ ಆಗಿದೆ."

ಸ್ಪ್ಯಾನರ್ ಗೋಡೆಗೆ ಬಡಿದು ಬಿತ್ತು. ಅವಳ ಕಡೆಗೆ ಎಸೆದದ್ದಲ್ಲ. ಎಸೆದಿದ್ದರೂ ಅವಳು ಕದಲುತ್ತಿರಲಿಲ್ಲವೇನೋ. ಅವನು ಗೋಡೆಗೊರಗಿ ಹಾಗೇ ಕೆಳಗೆ ಜಾರಿ ಕೂತ. ಅಲ್ಲಿಂದಲೇ ಮಾತು ಬಂತು, ಅವಳೊಂದಿಗೆ ಆಡಿದ್ದೋ ಹಗ್ಗಗಳೊಂದಿಗೋ ತಿಳಿಯದ ಹಾಗೆ.

"ಲಿಫ್ಟಿನ ಬಾಗಿಲ ಮೇಲೆ ನಂಬರಿನ ದೀಪ ಹತ್ತಿರುತ್ತೆ. ಪೆಟ್ಟಿಗೆ ಅಲ್ಲಿರಲ್ಲ. ತಂತಿ ಕೆಟ್ಟಿರುತ್ತೆ. ಜನ ದೀಪ ನೋಡಿ ಕಾಲಿಟ್ಟು ಕೆಳಗೆ ಬೀಳ್ತಾರೆ. ಎಷ್ಟು ಜನಕ್ಕೆ ಹೇಳಿದ್ದೀನಿ ನಾನು, ದೀಪ ನೋಡಬೇಡ್ರೋ, ಪೆಟ್ಟಿಗೆ ನೋಡ್ರೋ ಅಂತ."

ಅವಳು ಬಿದ್ದ ಸ್ಪ್ಯಾನರನ್ನು ಎತ್ತಿ ಅವನ ಪಕ್ಕ ಇಟ್ಟಳು. ಅವನು ತಲೆ ಎತ್ತಿದ.

"ಆ ಪುಸ್ತಕ ಬೇರೆ ಯಾರಾದ್ರೂ ಕೇಳಿದ್ರೆ ತಾರೀಕು ನಿಲ್ಲುತ್ತಾ?"

"ನಿಲ್ಲುತ್ತಂತೆ."

"ಹಂಗಾದ್ರೆ ನಾನೇ ಕೇಳ್ತೀನಿ. ನಡೀರಿ."

ಇಬ್ಬರೂ ಗ್ರಂಥಾಲಯಕ್ಕೆ ಬಂದರು. ಕಾಲೇಜಿಗೆ ಕೆಲಸಕ್ಕೆ ಬರುವವರಿಗೂ ಓದುಗರ ಚೀಟಿ ಕೊಡುವ ಪದ್ಧತಿ ಇತ್ತು. ಅವನು ಎಂದೂ ಕೇಳಿರಲಿಲ್ಲ. ಅವಳು ಅವನ ಹೆಸರು ಹಾಕಿ ಬೇಡಿಕೆಯ ಗುಂಡಿ ಒತ್ತಿದಳು. ಕಂಪ್ಯೂಟರು ಮರುಪ್ರಶ್ನೆ ಹಾಕಿತು. ಇದೇ ಪುಸ್ತಕದ ಬೇರೆ ಪ್ರತಿಗಳು ಕಪಾಟಿನಲ್ಲಿ ಲಭ್ಯವಿವೆ. ಈ ಪ್ರತಿಯೇ ಬೇಕೆ?

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಅದೇ," ಎಂದ ಅವನು. "ಅದೇ ಬೇಕು."

"ಒತ್ತಿದ್ರೆ ಅವಳ ಫೋನಿಗೆ ಸಂದೇಶ ಹೋಗುತ್ತೆ. ಪುಸ್ತಕ ವಾಪಸು ಕೊಡಿ, ಬೇರೆಯವರು ಕಾಯ್ತಿದ್ದಾರೆ ಅಂತ."

"ಹೋಗಲಿ. ಎಲ್ಲಾದ್ರೂ ಇದ್ರೆ ಬೈಕೊಂಡು ಬರ್ಲಿ. ಅಪ್ಪಾ, ನಿನಗೆ ಯಾಕೆ ಸಂಖ್ಯಾಶಾಸ್ತ್ರ, ಮಡಚಿ ತಲೆ ಕೆಳಗೆ ಇಟ್ಕೋತೀಯಾ ಅಂತ ಬೈಲಿ." ಅವನ ದನಿ ಎರಡಾಗಿ ಸೀಳಿತು. "ಯಾವತ್ತಿನ ತನಕ ಕಾಯ್ಬೇಕು?"

"ಮುಂದಿನ ವಾರದ ತಾರೀಕಿದೆ. ಆದ್ರೆ ಶನಿವಾರ..." ಅವಳು ಹೌದು ಎಂಬುದನ್ನು ಒತ್ತಿದಳು. "ಅಣ್ಣಾ, ಅವರು ಕಾಯಲ್ಲ."

ಅವನು ತಲೆಯಾಡಿಸಿದ.

ಆಸ್ಪತ್ರೆಯ ಹಿಂಭಾಗದಲ್ಲಿ ಶವಾಗಾರ. ಪಕ್ಕದಲ್ಲೊಂದು ಹಸಿರು ಬಾಗಿಲಿನ ಕೋಣೆ, ಗೋಡೆಗೆ ಆನಿಸಿದ ಬೆಂಚು, ಕೈತೊಳೆಯುವ ಸಿಂಕಿನಲ್ಲಿ ನಿಲ್ಲದೆ ತೊಟ್ಟಿಕ್ಕುವ ನಲ್ಲಿ. ಗಾಜಿನ ಕೊಳವೆಗೆ ಚೀಟಿ ಅಂಟಿಸುತ್ತಿದ್ದ ಹೆಂಗಸು ತಲೆ ಎತ್ತದೆ ಕೇಳಿದಳು. "ನೀವು ಅವಳಿಗೆ ಏನಾಗ್ಬೇಕು?"

"ಇನ್ನೂ ಗೊತ್ತಿಲ್ಲ," ಎಂದ ಅವನು.

ಆಮೇಲೆ ತಾನೇ ತಿದ್ದಿಕೊಂಡ. "ಅಪ್ಪ."

ಸೂಜಿ ಚುಚ್ಚುವಾಗ ಅವನು ಕೈಯನ್ನೇ ನೋಡುತ್ತಿದ್ದ. ಸಿಡುಕಕ್ಕ ಗೋಡೆಯ ಕಡೆ ತಿರುಗಿ ನಿಂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು.

ರಕ್ತ ಕೊಟ್ಟದ್ದರಿಂದ ಹೆಣವನ್ನು ಇಟ್ಟುಕೊಂಡರು. ಮುಂದಿನ ವಾರ ಆ ತಾರೀಕು ಬಂತು. ಅವಳು ಬೆಳಿಗ್ಗೆ ಬಂದವಳೇ ಕೈಚೀಲವನ್ನೂ ಇಳಿಸದೆ ನಂಬರು ಒತ್ತಿದಳು. ಮೊದಲ ಸಲ ತಾರೀಕು ಇದ್ದಲ್ಲೇ ಇತ್ತು. ಮಾರನೆಯ ದಿನ ಅದರ ಪಕ್ಕ ಕೆಂಪಕ್ಷರ ಬಂತು. ಅವಧಿ ಮೀರಿದೆ. ಕಾಯುತ್ತಿರುವವರು: ಒಬ್ಬರು. ಸಂದೇಶಕ್ಕೆ ಎಲ್ಲಿಂದಲೂ ಉತ್ತರ ಬರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ರಕ್ತ ಹೊಂದಿತು ಎಂಬ ಸುದ್ದಿ ಬಂತು. ಮಣ್ಣಿಗೆ ಅವಳೂ ಹೋಗಿದ್ದಳು. ಹಿಂದೆ, ಮರದ ಮರೆಯಲ್ಲಿ ನಿಂತಿದ್ದಳು. ಅವನು ಕಂಡರೂ ಕಾಣದಂತಿದ್ದ.

ಮತ್ತೆ ಅವನು ಗ್ರಂಥಾಲಯಕ್ಕೆ ಬಂದದ್ದು ಲಿಫ್ಟಿನ ಕೆಲಸಕ್ಕೆ. ಮಧ್ಯಾಹ್ನದವರೆಗೂ ಮೇಲೆ ಕುಟ್ಟುವ ಸದ್ದು ಕೇಳುತ್ತಿತ್ತು. ಅವಳು ಒಂದೊಂದು ಸದ್ದಿಗೂ ಬೆಚ್ಚುತ್ತ ಕೂತಿದ್ದಳು. ಇಳಿದು ಬಂದು ಬೈಯಲಿ, ಇಡೀ ಕಾಲೇಜು ಕೇಳುವ ಹಾಗೆ ಬೈಯಲಿ ಎಂದು ಕಾಯುತ್ತಿದ್ದಳು. ಅವನು ಕೆಲಸ ಮುಗಿಸಿ, ಕೈ ಒರೆಸಿಕೊಂಡು ಕೌಂಟರಿಗೆ ಬಂದ. ಗಡ್ಡ ಮತ್ತೆ ಬೆಳೆದಿತ್ತು.

"ಡಾಕ್ಟ್ರು ವರದಿ ಕೊಟ್ರು ಅಮ್ಮಾ."

"ಹೇಳಿ ಅಣ್ಣಾ."

"ನೀರಲ್ಲಿ ಬಹಳ ದಿನ ಇರ್ಲಿಲ್ವಂತೆ. ಹೆಣ ಸಿಕ್ಕಾಗ ಸತ್ತು ಹೆಚ್ಚಂದ್ರೆ ಒಂದು ತಿಂಗಳು." ಅವನು ಕೌಂಟರಿನ ಮರದ ಮೇಲೆ ಬೆರಳಿಂದ ಏನನ್ನೋ ಉಜ್ಜುತ್ತಿದ್ದ. "ಅದಕ್ಕೂ ಮುಂಚೆ ಎಲ್ಲಿದ್ದಳೋ, ಯಾರ ಹತ್ರ ಇದ್ದಳೋ, ಅವರಿಗೂ ಗೊತ್ತಿಲ್ಲ. ಎಲ್ಲೋ ಇದ್ದಳು."

ಅವಳಿಗೆ ಮೊದಲು ತಲೆಗೆ ಹೋಗಲಿಲ್ಲ. ಹೋದ ಮೇಲೆ ಕುರ್ಚಿಯ ಕೈ ಹಿಡಿದುಕೊಂಡಳು.

"ನೀವು ಅವತ್ತು ಬದುಕಿದ್ದಾಳೆ ಅಂದ್ರಲ್ಲ," ಎಂದ ಅವನು. "ನಿಜವೇ ಅಂದಿದ್ರಿ. ಅವತ್ತು ಬದುಕಿದ್ದಳು. ನಾವು ಹುಡುಕೋದು ನಿಲ್ಲಿಸಿದ ದಿನ ಬದುಕಿದ್ದಳು. ಆಮೇಲೂ ಎಷ್ಟೋ ದಿನ ಬದುಕಿದ್ದಳು."

ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ. ಬೈದಿದ್ದರೆ ಅವಳಿಗೆ ಏನಾದರೂ ಹೇಳಲು ಬರುತ್ತಿತ್ತು. ಬೈಗುಳ ಅವಳಿಗೆ ಗೊತ್ತಿದ್ದ ವ್ಯವಹಾರ. ಅವನು ಒಂದು ಗಟ್ಟಿ ಮಾತನ್ನೂ ಆಡಲಿಲ್ಲ.